ದಾನಕ್ಕೆ ಬಂದ ಲ್ಯಾಂಡ್‌ಮಾಸ್ಟರ್

ಆರ್‌ಟಿಓ ಇನ್‌ಸ್ಪೆಕ್ಟರ್ ಮೊಣಕಾಲೂರಿ ಕೂತರು. ಟಾರ್ಚ್ ಹಾಕಿದರು. ಬಾನೆಟ್ಟಿನೊಳಗೆ ತಲೆ ತೂರಿಸಿದರು. ಆಮೇಲೆ ಬಾಗಿಲ ಸಂದಿ, ಸೀಟಿನ ಅಡಿ, ಡಿಕ್ಕಿಯ ಮೂಲೆ. ಕಾಲು ಗಂಟೆ ಹುಡುಕಿ ಮೇಲೆದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು ಕೇಳಿದರು: "ಗಾಡಿ ತೋ ಹೈ ಪಂಡಿತ್‌ಜೀ. ನಂಬರ್ ಕಹಾಂ ಹೈ?"

ಗಾಡಿ ಇದೆ, ನಂಬರ್ ಎಲ್ಲಿ?

ನಾವು ಮುಖ ಮುಖ ನೋಡಿಕೊಂಡೆವು. ಕಾರಿಗೊಂದು ಚಾಸಿ ನಂಬರ್ ಇರಬೇಕು. ಹಳೆಯ ಆರ್.ಸಿ. ಪುಸ್ತಕದಲ್ಲಿ ಅದು ನೀಲಿ ಮಸಿಯಲ್ಲಿ ದುಂಡಗೆ ಬರೆದಿದೆ. ಆದರೆ ಪುಸ್ತಕದಲ್ಲಿರುವುದು ಕಾರಿನ ಮೈಮೇಲೂ ಇರಬೇಕಲ್ಲ? ಇರಲಿಲ್ಲ. ಇನ್‌ಸ್ಪೆಕ್ಟರ್ ಕೆಟ್ಟವರಲ್ಲ. ಚಹಾ ಕೂಡ ಕುಡಿಯಲಿಲ್ಲ. "ನಂಬರ್ ಇಲ್ಲದ ಗಾಡಿ ನಮ್ಮ ಲೆಕ್ಕದಲ್ಲಿ ಗಾಡಿಯೇ ಅಲ್ಲ" ಎಂದು ಹಿಂದಿಯಲ್ಲಿ ಮೆತ್ತಗೆ ಹೇಳಿ, ಫಾರಂ ಮಡಚಿಕೊಂಡು ಹೋದರು.

ಆ ಕಾರಿನ ಮಾಲೀಕರು ಕಾಶಿಯ ಹನುಮಾನ್ ಘಾಟಿನ ಗಣೇಶ ಭಟ್ಟರು. ವಯಸ್ಸು ಎಪ್ಪತ್ತಾರು. ಕರ್ನಾಟಕದಿಂದ ಬರುವವರಿಗೆ ಶ್ರಾದ್ಧ, ಪಿಂಡ, ಅಸ್ಥಿ ವಿಸರ್ಜನೆ ಮಾಡಿಸುವ ಮನೆತನ. ನಾನು ಈ ಊರಿಗೆ ಪಾಠ ಹೇಳಲು ಬಂದ ಹೊಸದರಲ್ಲಿ, ಸಾರಿನ ವಾಸನೆ ಹಿಡಿದು ಅವರ ಮನೆ ಹುಡುಕಿದವಳು. ಅವರ ಹೆಂಡತಿ ಸಾವಿತ್ರಮ್ಮನ ಸಾರಿಗಾಗಿ ಹೋದೆ, ಭಟ್ಟರ ಕಾರಿನ ಕತೆಗಾಗಿ ಉಳಿದೆ.

ಕತೆ ಹೀಗಿದೆ. ಅರವತ್ತು ವರ್ಷಗಳ ಹಿಂದೆ ದಾವಣಗೆರೆ ಕಡೆಯ ಹತ್ತಿ ವ್ಯಾಪಾರದ ಶೆಟ್ಟರೊಬ್ಬರು ತೀರಿಕೊಂಡರು. ಅವರಿಗೆ ತಮ್ಮ ಲ್ಯಾಂಡ್‌ಮಾಸ್ಟರ್ ಅಂದರೆ ಪ್ರಾಣ. (ಅಂಬಾಸಿಡರ್ ಬರುವ ಮೊದಲು ಬಂದ ಕಾರು. ಅದರ ಅಣ್ಣ ಅನ್ನಿ.) ಮಗ ಅಸ್ಥಿ ಹಿಡಿದು ಅದೇ ಕಾರಿನಲ್ಲಿ ಕಾಶಿಗೆ ಬಂದ. ಸತ್ತವರಿಗೆ ಇಷ್ಟವಾದದ್ದನ್ನು ಪುರೋಹಿತರಿಗೆ ದಾನ ಕೊಡುವುದು ಪದ್ಧತಿ. ಹಾಸಿಗೆ ಕೊಡುತ್ತಾರೆ, ಛತ್ರಿ ಕೊಡುತ್ತಾರೆ, ಚೊಂಬು ಕೊಡುತ್ತಾರೆ. ಈ ಮಗ ಏನು ಮಾಡಿದ? ಗಣೇಶ ಭಟ್ಟರ ತಂದೆಯ ಕೈಗೆ ನೀರು ಬಿಟ್ಟು ಕಾರನ್ನೇ ದಾನ ಕೊಟ್ಟ. ಕಾಗದ ಪತ್ರ ಮಾಡಿಸಿಕೊಟ್ಟು ರೈಲು ಹತ್ತಿದ.

ಹನುಮಾನ್ ಘಾಟಿನ ಗಲ್ಲಿ ನೋಡಿದ್ದೀರಾ? ಎದುರಿಗೊಂದು ಹಸು ಬಂದರೆ ನಾವು ಯಾರದೋ ಮನೆಯ ಹೊಸ್ತಿಲು ಹತ್ತಬೇಕು. ಅಲ್ಲಿ ಕಾರು? ಸೋನಾರ್‌ಪುರ ರಸ್ತೆಯ ಹಿಂದೆ ಒಂದು ಶೆಡ್ ಹಿಡಿದು ನಿಲ್ಲಿಸಿದರು. ತಂದೆ ಭಟ್ಟರು ಒಂದು ದಿನವೂ ಹತ್ತಲಿಲ್ಲ. ಸಂಕೋಚ. ಪಿಂಡ ಹಾಕಿಸುವವನು ಕಾರಿನಲ್ಲಿ ಓಡಾಡಿದರೆ ಊರು ನಗುವುದಿಲ್ಲವೇ? ನಾಳೆ ಹತ್ತಿದರಾಯಿತು, ನಾಡಿದ್ದು ಹತ್ತಿದರಾಯಿತು ಎನ್ನುತ್ತಲೇ ಅವರೂ ಮಣಿಕರ್ಣಿಕೆಗೆ ಹೋದರು.

"ತಮಾಷೆ ಅಲ್ಲ ಮೇಡಂ" ಎಂದು ಭಟ್ಟರು ಒಮ್ಮೆ ನನಗೆ ಹೇಳಿದ್ದರು. "ಹಾಸಿಗೆ ದಾನ ಕೊಟ್ರೆ ತಗೊಂಡವ್ನು ಒಂದ್ಸಲ ಅದರ ಮೇಲೆ ಮಲಗಿ ಏಳ್ಬೇಕು. ಛತ್ರಿ ಕೊಟ್ರೆ ಬಿಚ್ಚಿ ಹಿಡೀಬೇಕು. ನಾವು ಬಳಸಿದ್ರೇನೇ ಅದು ಅಲ್ಲಿ ಅವ್ರಿಗೆ ಮುಟ್ಟೋದು. ನಮ್ಮಪ್ಪ ಕಾರು ಹತ್ಲೇ ಇಲ್ಲ. ಅಂದ್ಮೇಲೆ ಶೆಟ್ರಿಗೆ ಕಾರು ಸಿಕ್ಲೇ ಇಲ್ಲ. ಆ ಪುಣ್ಯಾತ್ಮ ಅರವತ್ತು ವರ್ಷದಿಂದ ಅಲ್ಲಿ ಪೈದಲ್ ಹೋಗ್ತಾ ಇದ್ದಾರೆ."

ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ಆ ರಾತ್ರಿಯಿಂದ ಕಾಲುದಾರಿಯಲ್ಲಿ ಒಬ್ಬಂಟಿ ಹತ್ತಿ ವ್ಯಾಪಾರಿ ನಡೆಯುತ್ತಿರುವುದು ನನ್ನ ಕಣ್ಣಿಗೆ ಕಟ್ಟಿದ್ದು ಹೋಗಿಲ್ಲ.

ಹಾಗಾದರೆ ಮಗನಾದರೂ ಓಡಿಸಬಹುದಿತ್ತಲ್ಲ? ಇದೇ ಪ್ರಶ್ನೆ ನಾನೂ ಕೇಳಿದೆ. ಗಣೇಶ ಭಟ್ಟರು ಇಪ್ಪತ್ತೆರಡಕ್ಕೇ ಡ್ರೈವಿಂಗ್ ಕಲಿತವರು. ಕಾರಿನ ಹುಚ್ಚು ಅಂಥದ್ದು. ಈ ಊರಿನ ಹಳೇ ಕಾರು ಪ್ರಿಯರ ಕ್ಲಬ್ ಕಟ್ಟಿದವರಲ್ಲಿ ಅವರೂ ಒಬ್ಬರು. ಸದಸ್ಯರು ಒಂಬತ್ತು, ಓಡುವ ಕಾರು ಮೂರು. ಪ್ರತಿ ಭಾನುವಾರ ಬೆಳಿಗ್ಗೆ ಅಧ್ಯಕ್ಷರಾದ ಡಾಕ್ಟರ್ ಸಿನ್ಹಾ (ನಿವೃತ್ತ ಹಲ್ಲಿನ ಡಾಕ್ಟರು, ಒಂದು ಫಿಯಟ್) ಅವರ ಅಂಗಳದಲ್ಲಿ ಕಚೋರಿ, ಜಲೇಬಿ, ಮತ್ತು ಎರಡು ಗಂಟೆ ಕಾರ್ಬೊರೇಟರ್ ಚರ್ಚೆ.

ಈ ಕ್ಲಬ್ಬಿಗೆ ಒಂದೇ ಧರ್ಮ. ಅದರ ಹೆಸರು ಒರಿಜಿನಲ್.

ಹಾರ್ನ್ ಒರಿಜಿನಲ್ ಇರಬೇಕು. ಬಾಗಿಲ ಹಿಡಿ ಒರಿಜಿನಲ್ ಇರಬೇಕು. ಅಂಬಾಸಿಡರಿನ ಪಾರ್ಟ್ ಹಾಕಿ ಓಡಿಸುವವನು ಪಾಪಿ. ಭಟ್ಟರು ಈ ಧರ್ಮದ ಮಠಾಧಿಪತಿ. ಕೋಲ್ಕತ್ತದ ಗುಜರಿಯಲ್ಲಿ ಒಂದು ಹೆಡ್‌ಲೈಟ್ ರಿಂಗ್ ಸಿಗಲು ಹನ್ನೊಂದು ವರ್ಷ ಕಾದರು. ಎಂಬತ್ತರ ದಶಕದಲ್ಲಿ ಕಾಗದ ಪತ್ರವೆಲ್ಲ ಸರಿಯಿತ್ತು. ಅಂಬಾಸಿಡರಿನ ಒಂದು ಪಂಪ್ ಹಾಕಿದ್ದರೆ ಕಾರು ಅಂದೇ ಓಡುತ್ತಿತ್ತು. ಭಟ್ಟರು ಒಪ್ಪಲಿಲ್ಲ. ಶೆಟ್ಟರಿಗೆ ಅರೆಬರೆ ಕಾರು ಕಳಿಸುವುದೇ? ಒರಿಜಿನಲ್ ಬರಲಿ. ಅಷ್ಟರಲ್ಲಿ ನೋಂದಣಿ ಸತ್ತಿತು.

"ಈ ಮನೇಲಿ ಒರಿಜಿನಲ್ಲಾಗಿ ಉಳಿದಿರೋದು ನಾನೊಬ್ಳೇ" ಎಂದು ಸಾವಿತ್ರಮ್ಮ ಹಂಗಿಸುತ್ತಿದ್ದರು. "ಒಂದು ಪಾರ್ಟೂ ಚೇಂಜ್ ಮಾಡ್ಸಿಲ್ಲ. ನನ್ನ ಕಡೆ ಟಾರ್ಚ್ ಹಾಕಿ ನೋಡೋರು ಯಾರೂ ಇಲ್ಲ!"

ಹೋದ ವರ್ಷ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ಬೇಕಾಗಿದ್ದ ಕೊನೆಯ ಒರಿಜಿನಲ್ ಪಾರ್ಟ್ ಸಿಕ್ಕಿತು. ಇನ್ನೊಂದು, ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಎಡಗಣ್ಣು ಆಗಲೇ ಮಸುಕು. ಬಲಗಣ್ಣು ಸದ್ಯಕ್ಕೆ ಪರವಾಗಿಲ್ಲ, ಆದರೆ ಈ ಚಳಿಗಾಲದ ನಂತರ ಸ್ಟೀರಿಂಗ್ ಮುಟ್ಟಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದರು.

ಕ್ಲಬ್ಬಿನ ರ‍್ಯಾಲಿ ಜನವರಿಯಲ್ಲಿ. ಸೇತುವೆ ದಾಟಿ ಗಂಗೆಯ ಆಚೆ ದಡದ ರಾಮನಗರದ ತನಕ. ವಿಂಟೇಜ್ ನೋಂದಣಿ ಆದರೆ ಆ ದಿನ ಲ್ಯಾಂಡ್‌ಮಾಸ್ಟರ್ ರಸ್ತೆಗೆ ಇಳಿಸಬಹುದು. ಭಟ್ಟರು ಒಂದೇ ಒಂದು ಸಲ, ತಾವೇ ಓಡಿಸಿ, ಗಂಗೆ ದಾಟಿಬಿಟ್ಟರೆ ಸಾಕು. ಶೆಟ್ಟರಿಗೆ ಕಾರು ಮುಟ್ಟಿತು.

ಎಲ್ಲರೂ ಕೈ ಹಚ್ಚಿದೆವು. ನನ್ನನ್ನು ಕ್ಲಬ್ಬಿಗೆ ಸೇರಿಸಿಕೊಂಡದ್ದೇ ನಾನು ಲೋಹಶಾಸ್ತ್ರ ಓದಿದವಳು ಅಂತ. ಇಲ್ಲಿ ನನ್ನ ಬಗ್ಗೆ ಎರಡು ಮಾತು ಹೇಳಲೇಬೇಕು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹೊಟ್ಟು ತೂರುತ್ತಿದ್ದವಳ ಮಗಳು ನಾನು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಪರೀಕ್ಷೆ ಅಂತ ಆಗಿದ್ದರೆ ಅದು ರಕ್ತಪರೀಕ್ಷೆ ಮಾತ್ರ. ಡಿಗ್ರಿಯನ್ನು ಯಾರೂ ನನ್ನ ಕೈಗಿಟ್ಟಿಲ್ಲ, ಕಿತ್ತುಕೊಂಡದ್ದು. ಹಾಗಾಗಿ ಅದರ ಬಗ್ಗೆ ನನಗೆ ಜಂಬ ಇದೆ. ಇರಬಾರದೇ?

ಕಾರಿನ ತಗಡುಗಳ ಮೇಲೆ ಏಳೆಂಟು ಪದರ ಬಣ್ಣವಿತ್ತು. ನಮ್ಮ ಮೆಕ್ಯಾನಿಕ್ ಲಲ್ಲನ್ ಮಿಸ್ತ್ರಿ, ಶಾಲೆಯ ಮುಖ ನೋಡದ ಮನುಷ್ಯ, ತಂತಿ ಬ್ರಷ್ ಹಿಡಿದು ನಿಧಾನ ಕೆರೆಯೋಣ ಎಂದ. ಎರಡು ತಿಂಗಳ ಕೆಲಸ. ನಾನು ನಕ್ಕೆ. "ಬೇಡ ಮಿಸ್ತ್ರಿಜೀ. ಕಾಸ್ಟಿಕ್ ಸೋಡಾ ತೊಟ್ಟಿ ಮಾಡೋಣ. ಬಿಸಿ ಮಾಡಿ ಮುಳುಗಿಸಿದರೆ ಒಂದೇ ದಿನಕ್ಕೆ ಬಣ್ಣ ಕಳಚುತ್ತದೆ. ಕಬ್ಬಿಣಕ್ಕೆ ಏನೂ ಆಗುವುದಿಲ್ಲ."

ನಿಜ. ಕಬ್ಬಿಣಕ್ಕೆ ಏನೂ ಆಗುವುದಿಲ್ಲ.

ಬಿಚ್ಚಲು ಬರುವ ತಗಡುಗಳನ್ನೆಲ್ಲ ಬಿಚ್ಚಿದೆವು. ಒಂದೊಂದಾಗಿ ತೊಟ್ಟಿಗೆ ಇಳಿಸಿದೆವು. ಮೇಲೆತ್ತಿದ್ದನ್ನು ಲಲ್ಲನ್ ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತಿದ್ದ. ರೇಡಿಯೇಟರಿನ ಮೇಲೆ ಬರುವ ಅಡ್ಡ ತಗಡು ಇಳಿಸಿದಾಗ ತೊಟ್ಟಿಯಲ್ಲಿ ಬುಸುಬುಸು ಗುಳ್ಳೆ ಎದ್ದವು. ಏನು ಚೆಂದ! ಭಟ್ಟರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಡಾಕ್ಟರು ಫೋನಿನಲ್ಲಿ ವಿಡಿಯೊ ಮಾಡಿದರು. ಲಲ್ಲನ್ ಮಾತ್ರ ಬಗ್ಗಿ ನೋಡಿ, "ಮೇಡಂಜೀ, ಬಾಕಿ ಯಾವುದರಲ್ಲೂ ಹೀಗೆ ಉಕ್ಕಲಿಲ್ಲ. ತೆಗೆದು ನೋಡೋಣವೇ?" ಎಂದು ಕೇಳಿದ.

"ಬಣ್ಣ ಬಿಡ್ತಾ ಇದೆ. ನಿಮಗೆ ಗೊತ್ತಾಗಲ್ಲ" ಎಂದೆ.

ಈಗ ತಿರುಗಿ ಇನ್‌ಸ್ಪೆಕ್ಟರ್ ಹೋದ ದಿನಕ್ಕೆ ಬನ್ನಿ. ಅವರು ಹೋದ ಮೇಲೆ ಡಾಕ್ಟರ್ ಸಿನ್ಹಾ ಕೋಲ್ಕತ್ತದ ಗೆಳೆಯನಿಗೆ ಫೋನ್ ಹಚ್ಚಿದರು. ಅವನ ಹತ್ತಿರವೂ ಇಂಥದೇ ಕಾರು. ಅವನು ತನ್ನ ಕಾರಿನ ಫೋಟೊ ಕಳಿಸಿದ. ರೇಡಿಯೇಟರ್ ಮೇಲಿನ ಅಡ್ಡ ತಗಡಿನ ಮೇಲೆ, ಎರಡು ರಿವೆಟ್ ಹೊಡೆದು ಕೂರಿಸಿದ, ಬೆಂಕಿಪೊಟ್ಟಣದಷ್ಟಗಲದ ತೆಳು ಪಟ್ಟಿ. ಅದರ ಮೇಲೆ ನಂಬರ್. ಪಟ್ಟಿ ಅಲ್ಯುಮಿನಿಯಂನದು.

ನಾವು ನಮ್ಮ ತಗಡು ನೋಡಿದೆವು. ಹೊಳೆಯುತ್ತಿತ್ತು. ಎರಡು ತೂತು ಇದ್ದವು. ಪಟ್ಟಿ ಇರಲಿಲ್ಲ.

ಅರವತ್ತು ವರ್ಷದ ಬಣ್ಣದ ಕೆಳಗೆ ಅದು ಹೂತುಹೋಗಿತ್ತು. ಯಾರೂ ಕಂಡಿರಲಿಲ್ಲ. ಕಾಸ್ಟಿಕ್ ಸೋಡಾಕ್ಕೆ ಕಬ್ಬಿಣ ಹೆದರುವುದಿಲ್ಲ, ಅಲ್ಯುಮಿನಿಯಂ ಮಾತ್ರ ಸಕ್ಕರೆಯ ಹಾಗೆ ಕರಗಿಹೋಗುತ್ತದೆ. ಕರಗುವಾಗ ಗುಳ್ಳೆ ಬರುತ್ತದೆ. ಬಣ್ಣ ಕಳಚುವಾಗ ಗುಳ್ಳೆ ಬರುವುದಿಲ್ಲ. ಇದು ನಾನು ಪ್ರತಿ ವರ್ಷ ಮೊದಲ ಸೆಮಿಸ್ಟರಿನ ಮಕ್ಕಳಿಗೆ ಹೇಳಿಕೊಡುವ ಪಾಠ. ಪರೀಕ್ಷೆಯಲ್ಲಿ ತಪ್ಪಿದರೆ ಮಾರ್ಕ್ಸ್ ಕತ್ತರಿಸುತ್ತೇನೆ.

ಅಂದು ನಾವು ಚಪ್ಪಾಳೆ ತಟ್ಟಿದ್ದು ಆ ನಂಬರ್ ಸಾಯುತ್ತಿದ್ದುದಕ್ಕೆ.

ನನಗೆ ಆ ಕ್ಷಣವೇ ಎಲ್ಲ ತಿಳಿಯಿತು. ಬಾಯಿ ಬಿಟ್ಟೆನೇ? ಇಲ್ಲ. ಡಾಕ್ಟರು ಲಲ್ಲನ್ ಕಡೆ ತಿರುಗಿದರು. "ನಿನ್ನ ಬ್ರಷ್ಷಿನಲ್ಲೇ ಕಿತ್ತು ಬಿಸಾಕಿದ್ದೀಯ. ಓದು ಬರಹ ಇಲ್ಲದವರ ಕೈಗೆ ಕೊಟ್ಟರೆ ಇನ್ನೇನಾಗುತ್ತೆ!" ಲಲ್ಲನ್ ನನ್ನ ಮುಖ ನೋಡಿದ. ನಾನು ಕಾರಿನ ಮುಖ ನೋಡಿದೆ. ಅವನು ಹೆಗಲ ಮೇಲಿನ ಗಮಛಾ ಟವಲು ಕೊಡವಿ, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ಗಿರಣಿಯಲ್ಲಿ ಅಕ್ಕಿ ಮೂಟೆ ಕಡಿಮೆ ಬಂದಾಗಲೆಲ್ಲ ಮಾಲೀಕ ಮೊದಲು ನಮ್ಮವ್ವನ ಸೆರಗು ಕೊಡವಿಸುತ್ತಿದ್ದ. ಲೆಕ್ಕ ಬರೆಯುವ ಗುಮಾಸ್ತ ಪಕ್ಕದಲ್ಲೇ ಸುಮ್ಮನೆ ನಿಂತಿರುತ್ತಿದ್ದ. ಆ ಗುಮಾಸ್ತನಂಥವರ ಎದುರು ತಲೆ ಎತ್ತಿ ನಿಲ್ಲಬೇಕು ಅಂತಲೇ ನಾನು ಓದಿದ್ದು. ಓದಿ ಏನಾದೆ? ಆ ಗುಮಾಸ್ತನೇ ಆದೆ.

ಮೂರು ದಿನ ನಿದ್ದೆ ಬರಲಿಲ್ಲ. ನಾಲ್ಕನೆಯ ದಿನ ಲಲ್ಲನ್‌ನ ವರ್ಕ್‌ಶಾಪಿಗೆ ಹೋಗಿ ಹೇಳಿದೆ: ತಪ್ಪು ನನ್ನದು. ಅವನು ಟೈರ್ ಬಿಚ್ಚುವುದನ್ನು ನಿಲ್ಲಿಸಲಿಲ್ಲ.

"ಮಾಲೂಮ್ ರಹಲ್ ಮೇಡಂಜೀ" ಎಂದ. ಗೊತ್ತಿತ್ತು.

"ಮತ್ತೆ ಯಾಕೆ ಹೇಳಲಿಲ್ಲ?"

"ಒಂದು ಸಲ ಹೇಳಿದೆನಲ್ಲ. ಪಢೇ-ಲಿಖೇ ಕೋ ದೋ ಬಾರ್ ಕೌನ್ ಟೋಕೇ?" ಓದಿದವರನ್ನು ಎರಡು ಸಲ ತಡೆಯುವವರು ಯಾರು?

ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರು "ವಿಡಿಯೊ ಡಿಲೀಟ್ ಮಾಡಿಬಿಡುತ್ತೇನೆ" ಎಂದರು. ಲಲ್ಲನ್‌ಗೆ ಸಾರಿ ಹೇಳಿ ಅಂದೆ. ಹೇಳಿದರೋ ಇಲ್ಲವೋ, ಕೇಳುವ ಧೈರ್ಯ ನನಗೂ ಬರಲಿಲ್ಲ.

ಇನ್ನು ಉಳಿದದ್ದು ಭಟ್ಟರು. ಹೋದೆ. ಹೇಳಿದೆ. ಅವರು ಜನಿವಾರದ ಗಂಟನ್ನು ತಿರುವುತ್ತಾ ಕೂತಿದ್ದರು. "ನಾನೂ ಚಪ್ಪಾಳೆ ಹೊಡ್ದೆ ಅಲ್ವೇನಮ್ಮಾ" ಎಂದರು. ಅದುವರೆಗೆ ಮೇಡಂ ಎನ್ನುತ್ತಿದ್ದವರು ಅಂದು ಅಮ್ಮಾ ಎಂದರು. ಬೈದಿದ್ದರೆ ವಾಸಿಯಿತ್ತು.

ದಾರಿಗಳೇ ಇರಲಿಲ್ಲವೇ? ಇದ್ದವು. ಕೋರ್ಟು, ಅಫಿಡವಿಟ್, ಪೊಲೀಸ್ ವರದಿ, ಲಖನೌಗೆ ಕಡತ. ಆ ದಾರಿ ಮುಗಿಯುವ ಹೊತ್ತಿಗೆ ಎರಡು ಚಳಿಗಾಲ ಕಳೆದಿರುತ್ತವೆ. ಭಟ್ಟರ ಕಣ್ಣಿಗೆ ಇರುವುದು ಒಂದೇ. ಲಲ್ಲನ್ ತಾನಾಗಿ ಬಂದು ಇನ್ನೊಂದು ದಾರಿ ಹೇಳಿದ. (ಹೌದು, ಅವನೇ ಬಂದ. ನಾವು ಯಾರೂ ಕರೆದಿರಲಿಲ್ಲ.) ಹೊಸ ಪಟ್ಟಿ ಕತ್ತರಿಸಿ ಅದೇ ನಂಬರ್ ಪಂಚ್ ಮಾಡಿ ರಿವೆಟ್ ಹೊಡೆದುಬಿಡುವುದು. ಅರ್ಧ ಗಂಟೆಯ ಕೆಲಸ. "ಗುರೂ, ನಂಬರ್ ಸುಳ್ಳಲ್ಲವಲ್ಲ. ನಿಮ್ಮ ಪುಸ್ತಕದಲ್ಲಿರುವುದೇ."

ಭಟ್ಟರು ತಲೆ ಆಡಿಸಿದರು. "ನಂಬರ್ ಸುಳ್ಳಲ್ಲ, ಪಟ್ಟಿ ಸುಳ್ಳು. ಡುಪ್ಲಿಕೇಟ್ ಪಟ್ಟಿ ಹಾಕ್ಕೊಂಡು ಹೋದ್ರೆ ಮುಟ್ಟೋದೂ ಡುಪ್ಲಿಕೇಟೇ ಕಣಯ್ಯಾ. ಅಲ್ಲಿ ಯಮನ ಆರ್‌ಟಿಓ ಇರ್ತಾನೆ. ಇಲ್ಲಿಯವನ ಹಾಗೆ ಟಾರ್ಚ್ ಹಾಕಿ ಬಿಟ್ಬಿಡಲ್ಲ."

ಹಾಗಾದರೆ ಶೆಡ್ಡಿನ ಅಂಗಳದಲ್ಲೇ ಹತ್ತು ಅಡಿ ಓಡಿಸಿ ಎಂದೆ. ಅಲ್ಲಿ ಕಾಗದ ಪತ್ರ ಯಾರೂ ಕೇಳುವುದಿಲ್ಲ.

"ಹತ್ತಡಿಗೆ ವೈತರಣಿ ದಾಟುತ್ತೇನಮ್ಮಾ?"

ಕಾರನ್ನು ಬೇರೆಯವರಿಗೆ ದಾನ ಕೊಟ್ಟು, ಅವರು ಓಡಿಸಿದರೆ ಆಗದೇ ಎಂದೆ. ಅದೂ ಆಗದಂತೆ. ಗುರುತಿಲ್ಲದ ವಸ್ತುವನ್ನು ಸಂಕಲ್ಪದಲ್ಲಿ ಏನೆಂದು ಹೆಸರಿಸುವುದು?

ಜನವರಿಯ ರ‍್ಯಾಲಿ ಕಳೆದ ಭಾನುವಾರ ನಡೆಯಿತು. ಮೂರು ಕಾರು ಹೋದವು. ಡಾಕ್ಟರು ತಮ್ಮ ಫಿಯಟ್ಟಿನಲ್ಲಿ ಭಟ್ಟರನ್ನು ಕೂರಿಸಿಕೊಳ್ಳುತ್ತೇನೆಂದರು. ಭಟ್ಟರು ಬರಲಿಲ್ಲ. ಅಂದು ಬೆಳಿಗ್ಗೆ ಶೆಡ್ಡಿಗೆ ಹೋಗಿ, ಒರಿಜಿನಲ್ ಹಾರ್ನ್ ಒಂದು ಸಲ ಒತ್ತಿ, ಬೀಗ ಹಾಕಿ ಬಂದರಂತೆ. ಸಾವಿತ್ರಮ್ಮ ಹೇಳಿದರು. ಈಗ ಅವರು ಹಂಗಿಸುವುದಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮನೆಯ ಸೋಫಾದ ಪ್ಲಾಸ್ಟಿಕ್ ಕವರ್ ತೆಗೆದಿದ್ದೀರಾ? ಶೋಕೇಸಿನ ಪಿಂಗಾಣಿ ಬಟ್ಟಲಲ್ಲಿ ಯಾರಾದರೂ ಸಾರು ಕುಡಿದಿದ್ದಾರೆಯೇ? ನನ್ನ ಘಟಿಕೋತ್ಸವಕ್ಕೆ ಉಡಲೆಂದು ಅವ್ವನಿಗೆ ಒಂದು ಇಳಕಲ್ ಸೀರೆ ತಂದಿದ್ದೆ. ಆ ದಿನ ಮೋಡ ಹಾಕಿತ್ತು. ಮಳೆಗೆ ಕರೆಯಾದೀತು, ಇನ್ನೊಂದು ದೊಡ್ಡ ದಿನಕ್ಕೆ ಉಡುತ್ತೇನೆ ಎಂದಳು. ಅದಕ್ಕಿಂತ ದೊಡ್ಡ ದಿನ ನಮ್ಮ ಮನೆಗೆ ಬರಲಿಲ್ಲ. ಸೀರೆ ಉಡಿಸಿಯೇ ಕಳಿಸಿದೆವು. ಮಡಿಕೆ ಮಾಸದ ಹೊಸ ಸೀರೆ. ನೋಡಿದವರೆಲ್ಲ ಚೆಂದ ಅಂದರು.

ನಾವು ಎಲ್ಲವನ್ನೂ ಕಾಪಾಡುತ್ತೇವೆ. ಬಳಸುವುದೊಂದನ್ನು ಬಿಟ್ಟು.

ನಿನ್ನೆ ಭಟ್ಟರು ಹೇಳಿ ಕಳಿಸಿದರು. ಹೋದೆ. ಅವರ ಮುಂದೆ ಕೆಂಪು ಬಟ್ಟೆ ಸುತ್ತಿದ ಉದ್ದನೆಯ ವಂಶಾವಳಿ ಪುಸ್ತಕವಿತ್ತು. ಕಾಶಿಗೆ ಬಂದ ಮನೆತನಗಳ ಹೆಸರು, ಊರು, ಮಕ್ಕಳು ಮೊಮ್ಮಕ್ಕಳನ್ನು ಪುರೋಹಿತರು ಇದರಲ್ಲಿ ಬರೆದಿಡುತ್ತಾರೆ. ಶೆಟ್ಟರ ಮೊಮ್ಮಗ ಆರೇಳು ವರ್ಷದ ಹಿಂದೆ ಬಂದು ಹೋಗಿದ್ದನಂತೆ. ಕಾರಿನ ವಿಷಯ ಅವನೂ ಎತ್ತಲಿಲ್ಲ, ನಾಚಿಕೆಗೆ ಇವರೂ ಎತ್ತಲಿಲ್ಲ. ಫೋನ್ ನಂಬರ್ ಮಾತ್ರ ಬರೆಸಿ ಹೋಗಿದ್ದ.

"ಅವ್ರ ಮನೆಯವ್ರು ಇನ್ನೊಂದ್ಸಲ ಬಂದು, ಕಾರಿನ ಬದಲಿಗೆ ಅಂತ ಏನಾದ್ರೂ ದಾನ ಕೊಟ್ರೆ ದಾರಿ ಇದೆ. ಅದನ್ನಾದ್ರೂ ಆವತ್ತೇ ಬಳಸ್ತೀನಿ" ಎಂದರು ಭಟ್ಟರು. "ಆದ್ರೆ ಕಾರು ಮುಟ್ಟಿಲ್ಲ ಅಂತ ಮೊದ್ಲು ಅವ್ರಿಗೆ ಹೇಳ್ಬೇಕಲ್ಲ. ನನ್ನ ಬಾಯಲ್ಲಿ ಬರೋದಿಲ್ಲ. ಈ ಅಂಕಿಯೂ ನನಗೆ ಕಾಣ್ತಿಲ್ಲ. ನೀವು ಓದಿದವ್ರು. ನೀವೇ ಮಾಡಿ."

ಮಾಡಿದೆ. ಮೂರನೆಯ ರಿಂಗಿಗೆ ಎತ್ತಿದರು. ಕಾಶಿಯಿಂದ, ಭಟ್ಟರ ಮನೆಯಿಂದ, ನಿಮ್ಮ ತಾತನ ಲ್ಯಾಂಡ್‌ಮಾಸ್ಟರ್ ಕಾರಿನ ವಿಷಯ ಎಂದೆ. ಮುಂದಿನ ಮಾತು ಹೇಗೆ ಆಡುವುದೆಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಆ ಕಡೆಯಿಂದ ಕೂಗು ಕೇಳಿತು.

"ಏ, ಬರ್ರೋ ಇಲ್ಲಿ, ತಾತನ ಕಾರಂತೆ! ಮೇಡಂ, ಇನ್ನೂ ಇದೆಯಾ ಅದು? ನಮ್ಮಪ್ಪ ಸಾಯೋ ತನಕ ಅದರದ್ದೇ ಮಾತು. ಬರ್ತೀವಿ ಮೇಡಂ, ಮಕ್ಕಳೆಲ್ಲ ಬರ್ತೀವಿ. ಭಟ್ಟರು ಇಷ್ಟು ವರ್ಷ ಚೆನ್ನಾಗಿ ಓಡಿಸಿರಬೇಕು ಅಲ್ವಾ?"

ಫೋನ್ ಸ್ಪೀಕರಿನಲ್ಲಿತ್ತು. ಭಟ್ಟರು ತಮ್ಮ ಒಂದು ಒಳ್ಳೆಯ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?